ಗಡಿ ದಾಟಿ ಬಂದ ಮಗು ಯಾರ ಲೆಕ್ಕಕ್ಕೆ?

ಕಳೆದ ಜನವರಿಯಲ್ಲಿ ನಮ್ಮ ಹೊಲದ ಕಬ್ಬು ಕಡಿಯಲು ಗ್ಯಾಂಗ್ ಬಂತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯವರು. ಸೆಮಿಸ್ಟರ್ ಪರೀಕ್ಷೆ ಮುಗಿದು ನನಗೆ ರಜೆ ಇತ್ತು. ಬೆಳಿಗ್ಗೆ ಅಪ್ಪನ ಜೊತೆ ಹೊಲಕ್ಕೆ ಹೋದಾಗ ಇನ್ನೂ ಮಂಜು ಸರಿದಿರಲಿಲ್ಲ, ಅಷ್ಟರಲ್ಲಾಗಲೇ ಅರ್ಧ ಸಾಲು ಕಡಿದು ಮಲಗಿಸಿದ್ದರು. ರವದಿಯ ಗುಂಪಿಯ ಮೇಲೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಕುಳಿತಿದ್ದಳು. ತೊಡೆಯ ಮೇಲೆ ವರ್ಷದ ತಮ್ಮ. ಅವನು ಅತ್ತಾಗಲೆಲ್ಲ ಬಿಸ್ಕಿಟನ್ನು ಚಹಾದಲ್ಲಿ ಅದ್ದಿ ತಿನ್ನಿಸುತ್ತಿದ್ದಳು.

ಗಡಿಯವರಾದ ನಮಗೆ ಮರಾಠಿ ಬರುತ್ತದೆ. ಎಷ್ಟನೇ ಕ್ಲಾಸು ಎಂದು ಕೇಳಿದೆ. ‘ತಿಸರೀ’ ಎಂದಳು. ಯಾವ ಶಾಲೆ ಎಂದರೆ ‘ಗಾವಾಕಡ’, ಅಂದರೆ ಊರಲ್ಲಿ. ಅವಳ ಊರಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿದೆ, ಅಲ್ಲಿ ಮೂರನೇ ತರಗತಿಯ ಪಾಠ ನಡೆಯುತ್ತಿದೆ. ಅವಳು ಮಾತ್ರ ನಮ್ಮ ಹೊಲದಲ್ಲಿದ್ದಾಳೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಯಾರಿಗೂ ಈ ದೃಶ್ಯ ಹೊಸದಲ್ಲ. ದೀಪಾವಳಿ ಆಸುಪಾಸಿನಲ್ಲಿ ಕಾರ್ಖಾನೆಗಳ ಹಂಗಾಮು ಶುರುವಾದರೆ ಊರ ಹೊರಗೆ ಪ್ಲಾಸ್ಟಿಕ್ ಹಾಳೆಯ ಗುಡಿಸಲುಗಳು ಏಳುತ್ತವೆ, ಮಾರ್ಚ್–ಏಪ್ರಿಲ್ ಹೊತ್ತಿಗೆ ಮಾಯವಾಗುತ್ತವೆ. ಕಾಲೇಜು ಬಸ್ಸಿನ ಕಿಟಕಿಯಿಂದ ವರ್ಷ ವರ್ಷವೂ ನೋಡಿದ್ದೇನೆ. ನಮ್ಮದೇ ಹೊಲಕ್ಕೆ ಬಂದಾಗ ಮಾತ್ರ ಒಂದು ಪ್ರಶ್ನೆ ಎದ್ದಿತು: ಈ ಮಗುವಿನ ಹಕ್ಕನ್ನು ನೋಡಿಕೊಳ್ಳುವವರು ಯಾರು?

ಅಕ್ಕನ ನೋಟ್ಸ್

ಉತ್ತರ ಸಿಕ್ಕಿದ್ದು ಮನೆಯಲ್ಲೇ. ನಮ್ಮಕ್ಕ ಪಿಡಿಒ ಪರೀಕ್ಷೆಗೆ ಓದುತ್ತಿದ್ದಾಳೆ. ಅವಳ ನೋಟ್ಸಿನಲ್ಲಿ ಒಂದು ಪುಟ ಪೂರ್ತಿ ‘ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ ಕಾಯ್ದೆ, 2005’ ಇತ್ತು. ನೀವೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದರೆ ಈ ಪುಟ ನಿಮ್ಮ ಬಳಿಯೂ ಇರುತ್ತದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರ ನವೆಂಬರ್ 20ರಂದು ಅಂಗೀಕಾರವಾಯಿತು, ಭಾರತ 1992ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಿತು, ಅದರ ಮೇಲೆ 2005ರ ಕಾಯ್ದೆ ಬಂತು, 2007ರಲ್ಲಿ ರಾಷ್ಟ್ರೀಯ ಆಯೋಗ ಶುರುವಾಯಿತು, 2009ರಲ್ಲಿ ಕರ್ನಾಟಕ ರಾಜ್ಯ ಆಯೋಗ. ಇಷ್ಟನ್ನು ನಾವು ಬಾಯಿಪಾಠ ಮಾಡುತ್ತೇವೆ.

‘ತಮ್ಮಾ, ಇದು ಬರೇ ಮಾರ್ಕಿನ ಪ್ರಶ್ನಿ ಅಂತ ತಿಳಕೊಂಡಿದ್ದೆ ನೋಡು’ ಎಂದಳು ಅಕ್ಕ. ಆ ರಾತ್ರಿ ಇಬ್ಬರೂ ಕುಳಿತು ಕಾಯ್ದೆಯನ್ನು ಪರೀಕ್ಷೆಗಲ್ಲದೆ ಕೆಲಸಕ್ಕೆಂದು ಓದಿದೆವು.

ರಾಜ್ಯ ಆಯೋಗ ಎಂದರೆ ಒಬ್ಬ ಅಧ್ಯಕ್ಷರು, ಆರು ಜನ ಸದಸ್ಯರು. ಸದಸ್ಯರಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಬೇಕು. ಒಟ್ಟು ಏಳು ಜನ, ಕಚೇರಿ ಬೆಂಗಳೂರಿನಲ್ಲಿ. ಅವರ ಕೈಯಲ್ಲಿರುವ ಅಧಿಕಾರ ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ವಿಚಾರಣೆ ನಡೆಸುವಾಗ ಸಿವಿಲ್ ನ್ಯಾಯಾಲಯದಂತೆ ಸಮನ್ಸ್ ಕಳಿಸಿ ಅಧಿಕಾರಿಗಳನ್ನು ಕರೆಸಬಹುದು, ಕಡತ ತರಿಸಬಹುದು, ಪ್ರಮಾಣಪತ್ರದ ಮೇಲೆ ಸಾಕ್ಷ್ಯ ಪಡೆಯಬಹುದು. ತಪ್ಪು ಕಂಡರೆ ಮೊಕದ್ದಮೆ ಹೂಡುವಂತೆ, ಮಗುವಿಗೆ ಮಧ್ಯಂತರ ಪರಿಹಾರ ಕೊಡುವಂತೆ ಸರ್ಕಾರಕ್ಕೆ ಶಿಫಾರಸು ಮಾಡಬಹುದು. ಹೈಕೋರ್ಟ್, ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಹತ್ತಬಹುದು. ಯಾರೂ ದೂರು ಕೊಡದಿದ್ದರೂ ಸ್ವಯಂಪ್ರೇರಣೆಯಿಂದ ಪ್ರಕರಣ ಕೈಗೆತ್ತಿಕೊಳ್ಳಬಹುದು. ಶಿಕ್ಷಣ ಹಕ್ಕು ಕಾಯ್ದೆ, ಪೋಕ್ಸೊ ಕಾಯ್ದೆ, ಬಾಲನ್ಯಾಯ ಕಾಯ್ದೆ ಸರಿಯಾಗಿ ಜಾರಿಯಾಗುತ್ತಿವೆಯೇ ಎಂದು ನೋಡುವ ಹೊಣೆಯೂ ಆಯೋಗದ್ದೇ.

ಒಂದು ಮಿತಿಯೂ ಇದೆ. ಆಯೋಗ ಶಿಫಾರಸು ಮಾಡುತ್ತದೆ, ಜಾರಿ ಮಾಡುವುದು ಸರ್ಕಾರ. ಐನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನಲ್ಲಿರುವ ಏಳು ಜನಕ್ಕೆ ನಮ್ಮ ಹೊಲದ ರವದಿ ಗುಂಪಿ ತಾನಾಗಿ ಕಾಣುವುದಿಲ್ಲ. ಕಂಡವರು ಬರೆದು ತಿಳಿಸಬೇಕು.

ಕಾಗದವಿಲ್ಲದ ಮಕ್ಕಳು, ಕೀನ್ಯಾದಲ್ಲಿ

ಬರೆಯುವುದರಿಂದ ಏನಾದೀತು ಎಂದು ಅನ್ನಿಸುವವರಿಗೆ ಹೊರಗಿನ ಒಂದು ಉದಾಹರಣೆ. ಯುರೋಪ್, ಅಮೆರಿಕ, ಆಫ್ರಿಕಾ ಖಂಡಗಳಲ್ಲಿ ದೇಶಗಳೆಲ್ಲ ಸೇರಿ ಕಟ್ಟಿಕೊಂಡ ಪ್ರಾದೇಶಿಕ ಮಾನವ ಹಕ್ಕುಗಳ ನ್ಯಾಯಾಲಯಗಳಿವೆ. ಆಫ್ರಿಕಾದಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ಸನ್ನದು ಇದೆ. 1990ರಲ್ಲಿ ಅಂಗೀಕಾರವಾಗಿ 1999ರಲ್ಲಿ ಜಾರಿಗೆ ಬಂತು. ಅದರ ಪಾಲನೆ ನೋಡಿಕೊಳ್ಳಲು ತಜ್ಞರ ಸಮಿತಿಯೂ ಇದೆ.

ಕೀನ್ಯಾದ ನ್ಯೂಬಿಯನ್ ಸಮುದಾಯದವರ ಹಿರಿಯರನ್ನು ನೂರು ವರ್ಷಗಳಿಗೂ ಹಿಂದೆ ಬ್ರಿಟಿಷರು ಸುಡಾನಿನಿಂದ ಸೈನಿಕರಾಗಿ ಕರೆತಂದಿದ್ದರು. ಕೀನ್ಯಾದಲ್ಲೇ ಹುಟ್ಟಿದರೂ ಅವರ ಮಕ್ಕಳ ಜನನ ನೋಂದಣಿಗೆ, ಪೌರತ್ವಕ್ಕೆ ತೊಡಕುಗಳಿದ್ದವು. 2009ರಲ್ಲಿ ಎರಡು ಸಂಸ್ಥೆಗಳು ಈ ಮಕ್ಕಳ ಪರವಾಗಿ ಆಫ್ರಿಕಾದ ಸಮಿತಿಗೆ ದೂರು ಕೊಟ್ಟವು. 2011ರ ಮಾರ್ಚ್‌ನಲ್ಲಿ ಸಮಿತಿ, ಮಕ್ಕಳಿಗೆ ಹುಟ್ಟಿನಿಂದಲೇ ರಾಷ್ಟ್ರೀಯತೆ ಸಿಗದಂತೆ ಮಾಡಿ ಕೀನ್ಯಾ ಸರ್ಕಾರ ಸನ್ನದನ್ನು ಉಲ್ಲಂಘಿಸಿದೆ ಎಂದು ತೀರ್ಪು ಕೊಟ್ಟಿತು. ಕಾಗದವಿಲ್ಲದ ಕಾರಣ ಶಿಕ್ಷಣ, ಆರೋಗ್ಯದ ಹಕ್ಕುಗಳೂ ಅವರ ಕೈತಪ್ಪಿವೆ ಎಂದಿತು.

ಏಷ್ಯಾದಲ್ಲಿ ಇಂಥ ನ್ಯಾಯಾಲಯವಿಲ್ಲ. ದಕ್ಷಿಣ ಏಷ್ಯಾದ ಸಾರ್ಕ್ ದೇಶಗಳು ಮಕ್ಕಳ ಕಲ್ಯಾಣಕ್ಕಾಗಿ 2002ರಲ್ಲಿ ಕಠ್ಮಂಡುವಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿವೆ ನಿಜ. ಆದರೆ ಅನ್ಯಾಯವಾದ ಮಗುವೊಂದು ದೂರು ಒಯ್ಯಬಲ್ಲ ಪ್ರಾದೇಶಿಕ ಪೀಠ ಇಲ್ಲಿಲ್ಲ. ಹಾಗಾಗಿ ನಮ್ಮ ಮಕ್ಕಳ ಪಾಲಿಗೆ ದೇಶದ ಆಯೋಗ, ರಾಜ್ಯದ ಆಯೋಗಗಳೇ ಬಾಗಿಲು.

ಹದ್ದು ದಾಟಿದರೆ ಕಾನೂನು ಬೇರೆ

ಆದರೆ ಆ ಬಾಗಿಲು ರಾಜ್ಯದ ಹದ್ದಿನವರೆಗೆ ಮಾತ್ರ. ಕಾಗವಾಡ ದಾಟಿದರೆ ಮ್ಹೈಸಾಳ, ಕೊಗನೊಳ್ಳಿ ನಾಕಾ ದಾಟಿದರೆ ಕಾಗಲ. ಅಥಣಿಯವರಿಗೆ ಬೆಳಗಾವಿಗಿಂತ ಮಿರಜವೇ ಹತ್ತಿರ. ನಮ್ಮ ಬೀಗರು, ಆಸ್ಪತ್ರೆ, ಸಂತೆ ಎಲ್ಲ ಎರಡೂ ಕಡೆ ಇವೆ. ಕಾನೂನು ಮಾತ್ರ ಹದ್ದಿನಲ್ಲಿ ಬದಲಾಗುತ್ತದೆ.

ಬಾಲ್ಯವಿವಾಹವನ್ನೇ ನೋಡಿ. 2006ರ ಕೇಂದ್ರ ಕಾಯ್ದೆಯ ಪ್ರಕಾರ ಬಾಲ್ಯವಿವಾಹ ತಾನಾಗಿ ರದ್ದಾಗುವುದಿಲ್ಲ. ಮದುವೆಯಾದ ಮಗುವೇ ಪ್ರಾಯಕ್ಕೆ ಬಂದ ಎರಡು ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಕರ್ನಾಟಕ 2016ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ತಂದು ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದಿತು. ಮಹಾರಾಷ್ಟ್ರದಲ್ಲಿ ಕೇಂದ್ರ ಕಾಯ್ದೆಯ ನಿಯಮವೇ ನಡೆಯುತ್ತದೆ. ಹದಿನೈದು ವರ್ಷದ ಹುಡುಗಿಯ ಮದುವೆ ಚಪ್ಪರ ಹದ್ದಿನ ಯಾವ ಬದಿಗಿತ್ತು ಎಂಬುದರ ಮೇಲೆ ಅವಳ ಪಾಡು ಬದಲಾಗುತ್ತದೆ.

ಕಬ್ಬಿನ ಗ್ಯಾಂಗಿಗೂ ಇದಕ್ಕೂ ನಂಟಿದೆ. ಗ್ಯಾಂಗಿನಲ್ಲಿ ಗಂಡ–ಹೆಂಡತಿ ಜೋಡಿಯನ್ನು ಒಂದು ‘ಕೊಯ್ತಾ’ ಎಂದು ಎಣಿಸುತ್ತಾರೆ. ಮುಕಾದಮ ಮುಂಗಡ ಹಣ ಕೊಡುವುದು ಜೋಡಿಗೆ. ಆ ಭಾಗದಲ್ಲಿ ಮಕ್ಕಳ ಮದುವೆ ಬೇಗ ಆಗುವುದಕ್ಕೆ ಇದೂ ಒಂದು ಕಾರಣ. ರವದಿಯ ಮೇಲೆ ಕುಳಿತಿದ್ದ ಹುಡುಗಿಗೆ ಈಗ ಒಂಬತ್ತು. ಶಾಲೆ ತಪ್ಪಿದರೆ ಇನ್ನು ಆರೇಳು ವರ್ಷಕ್ಕೆ ಅವಳು ಯಾರದೋ ಜೋಡಿ.

ಹದ್ದಿನ ಗೊಂದಲ ಆಯೋಗಗಳ ನಡುವೆಯೂ ಆದದ್ದುಂಟು. ಪಶ್ಚಿಮ ಬಂಗಾಳದ ಜಲಪಾಯಿಗುರಿಯ ಮಕ್ಕಳ ಮಾರಾಟದ ಪ್ರಕರಣದಲ್ಲಿ ವಿಚಾರಣೆಯ ಅಧಿಕಾರ ತಮ್ಮದೆಂದು ರಾಷ್ಟ್ರೀಯ ಆಯೋಗ, ರಾಜ್ಯ ಆಯೋಗ ಎರಡೂ ಪಟ್ಟು ಹಿಡಿದವು. ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಇಬ್ಬರೂ ಒಬ್ಬರಿಗೊಬ್ಬರು ಸಹಕರಿಸಿ ಮಕ್ಕಳ ಹಿತ ನೋಡಬೇಕು ಎಂದು 2020ರ ಜನವರಿಯಲ್ಲಿ ಕೋರ್ಟ್ ಬುದ್ಧಿ ಹೇಳಿತು. ಅಲ್ಲಿ ಒಂದು ಮಗುವಿಗಾಗಿ ಇಬ್ಬರು ಎಳೆದಾಡಿದರು. ನಮ್ಮ ಗಡಿಯಲ್ಲಿ ಅಪಾಯ ಬೇರೆಯದು. ಬೀಡಿನ ಶಾಲೆ ‘ಕಬ್ಬಿಗೆ ಹೋಗಿದ್ದಾಳೆ’ ಎಂದು ಸುಮ್ಮನಾಗುತ್ತದೆ, ಇಲ್ಲಿಯವರು ‘ನಮ್ಮವಳಲ್ಲ’ ಎಂದು ಸುಮ್ಮನಾಗುತ್ತಾರೆ. ವಿಜಯಪುರ ಜಿಲ್ಲೆಯಿಂದ ಆ ಕಡೆಗೆ ಕಬ್ಬು ಕಡಿಯಲು ಹೋಗುವ ಕನ್ನಡದ ಮಕ್ಕಳ ಕಥೆಯೂ ಇದೇ.

ಶಾಲೆಯ ಬಾಗಿಲಲ್ಲಿ

ದೂರು ಕೊಡೋಣ ಎಂದು ನಾನು ಹೇಳಿದ್ದಕ್ಕೆ ಅಪ್ಪ ಒಪ್ಪಲಿಲ್ಲ. ‘ಪೊಲೀಸು, ಅಧಿಕಾರಿ ಅಂತ ಯಾರರೆ ಬಂದ್ರ ಗ್ಯಾಂಗ್ ರಾತೋರಾತ್ರಿ ಗುಡಸಲ ಕಿತ್ತಕೊಂಡ ಹೋಗ್ತೈತಿ. ಕಬ್ಬು ನಿಂತಲ್ಲೇ ಒಣಗಿದ್ರ ನಿನ್ನ ಫೀ ಯಾರ ಕಟ್ಟತಾರ?’ ಎಂದರು. ಅಪ್ಪನ ಮಾತಿನಲ್ಲಿ ಸುಳ್ಳಿಲ್ಲ. ಕಟಾವು ತಡವಾದಷ್ಟೂ ಕಬ್ಬಿನ ತೂಕ ಇಳಿಯುತ್ತದೆ. ನನ್ನ ಎಂಜಿನಿಯರಿಂಗ್ ಫೀ ಆ ತೂಕದಿಂದಲೇ ಬರುತ್ತದೆ. ಈ ವಿಷಯದಲ್ಲಿ ನಾನು ಹೊರಗಿನವನಲ್ಲ ಎಂಬುದು ನನಗೆ ಅರ್ಥವಾದದ್ದು ಆಗ.

ಆದ್ದರಿಂದ ದೂರಿಗೆ ಮೊದಲು ಶಾಲೆಗೆ ಹೋದೆವು. ನಮ್ಮ ಗಡಿಯ ತಾಲ್ಲೂಕುಗಳಿಗೆ ಒಂದು ಅನುಕೂಲವಿದೆ: ಇಲ್ಲಿ ಕರ್ನಾಟಕ ಸರ್ಕಾರವೇ ನಡೆಸುವ ಮರಾಠಿ ಮಾಧ್ಯಮದ ಶಾಲೆಗಳಿವೆ. ಬೀಡಿನ ಹುಡುಗಿ ಇಲ್ಲಿ ಭಾಷೆಗೆ ಹೆದರಬೇಕಿಲ್ಲ.

ಹತ್ತಿರದ ಶಾಲೆಯ ಗುರುಗಳು ಒಳ್ಳೆಯವರು. ‘ಟಿಸಿ ಇಲ್ಲ, ಆಧಾರ್ ಇಲ್ಲ, ಸ್ಯಾಟ್ಸ್‌ನಲ್ಲಿ ಹೆಂಗ ಏರಿಸೂದು? ಎರಡು ತಿಂಗಳಿಗೆ ಮತ್ತ ಹೋಗ್ತಾಳ’ ಎಂದರು. ಸ್ಯಾಟ್ಸ್ ಎಂದರೆ ನಮ್ಮ ರಾಜ್ಯದ ವಿದ್ಯಾರ್ಥಿಗಳ ದಾಖಲೆಯ ತಂತ್ರಾಂಶ. ಮಹಾರಾಷ್ಟ್ರದಲ್ಲಿ ಅದಕ್ಕೆ ಸರಲ್ ಎಂಬ ಬೇರೆಯದೇ ವ್ಯವಸ್ಥೆ. ದೇಶಕ್ಕೆಲ್ಲ ಒಂದೇ ಆದ ಯುಡೈಸ್ ಪ್ಲಸ್‌ನಲ್ಲಿ ಪ್ರತಿ ವಿದ್ಯಾರ್ಥಿಗೂ ಶಾಶ್ವತ ಸಂಖ್ಯೆಯಿದೆ. ಆದರೆ ಗುಡಿಸಲಿನಲ್ಲಿರುವ ಮಗುವಿಗೆ ತನ್ನ ಸಂಖ್ಯೆ ಏನೆಂದು ಗೊತ್ತಿರುವುದಿಲ್ಲ.

ಅಕ್ಕ ನೋಟ್ಸ್ ತೆಗೆದಳು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಇದಕ್ಕೆಲ್ಲ ಉತ್ತರವಿದೆ. ಸೆಕ್ಷನ್ 5: ಮಗು ರಾಜ್ಯದೊಳಗೆ ಅಥವಾ ಬೇರೆ ರಾಜ್ಯಕ್ಕೆ ಹೋಗಬೇಕಾದರೆ ಅಲ್ಲಿನ ಶಾಲೆಗೆ ವರ್ಗವಾಗುವ ಹಕ್ಕು ಅದಕ್ಕಿದೆ, ಟಿಸಿ ತಡವಾಯಿತೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ಸೆಕ್ಷನ್ 9: ವಲಸೆ ಕುಟುಂಬದ ಮಕ್ಕಳ ದಾಖಲಾತಿ ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ಸೆಕ್ಷನ್ 14: ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಸೆಕ್ಷನ್ 15: ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಸೇರಿಸಿಕೊಳ್ಳದಿದ್ದರೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು, ಅದು ಮೂರು ತಿಂಗಳಲ್ಲಿ ತೀರ್ಮಾನಿಸಬೇಕು, ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ.

ಗುರುಗಳು ಓದಿ ನೋಡಿ, ‘ಸೋಮವಾರದಿಂದ ಕಳಸ್ರಿ, ಮೊದಲ ಕೂಡ್ಲಿ, ದಾಖಲೆ ಆಮ್ಯಾಲ ನೋಡೂಣು’ ಎಂದರು.

ಹನ್ನೊಂದು ದಿನ

ಹುಡುಗಿ ಶಾಲೆಗೆ ಹೋದದ್ದು ಹನ್ನೊಂದು ದಿನ. ಮಧ್ಯಾಹ್ನದ ಬಿಸಿಯೂಟ ಉಂಡಳು, ಮಗ್ಗಿ ಒಪ್ಪಿಸಿದಳು. ಹನ್ನೆರಡನೇ ದಿನ ನೋಡಿದರೆ ಮತ್ತೆ ಹೊಲದಲ್ಲಿ, ತೊಡೆಯ ಮೇಲೆ ತಮ್ಮ.

ಅವಳ ತಾಯಿಯನ್ನು ಕೇಳಿದೆ. ಅವಳು ಬೈಯಲಿಲ್ಲ, ಮಗುವನ್ನು ತೋರಿಸಿ ‘ಹ್ಯಾಲಾ ಕೋಣ ಸಾಂಭಾಳಣಾರ?’ ಎಂದಳು. ಇವನನ್ನು ಯಾರು ನೋಡಿಕೊಳ್ಳುತ್ತಾರೆ? ಬೆಳಗಿನ ನಾಲ್ಕಕ್ಕೆ ಕೆಲಸಕ್ಕೆ ಹೊರಡುವ ಗ್ಯಾಂಗಿನಲ್ಲಿ ಕೂಸನ್ನು ಬಿಡಲು ಜಾಗವಿಲ್ಲ. ಹಿಂದಿನ ದಿನ ಅವನು ಕಬ್ಬು ತುಂಬುವ ಟ್ರ್ಯಾಕ್ಟರಿನ ಹಿಂದೆ ಅಂಬೆಗಾಲಿಟ್ಟು ಹೋಗಿದ್ದನಂತೆ. ಯಾರೋ ನೋಡಿದ್ದರಿಂದ ಉಳಿದ.

ನಾವು ಟಿಸಿ, ಆಧಾರ್, ಭಾಷೆ ಎಂದು ಓಡಾಡಿದ್ದೆವು. ಅವಳನ್ನು ಶಾಲೆಯಿಂದ ಹೊರಗಿಟ್ಟಿದ್ದು ಅವು ಯಾವುವೂ ಅಲ್ಲ. ಕೂಲಿ ಇಲ್ಲದೆ ತಮ್ಮನನ್ನು ನೋಡಿಕೊಳ್ಳುವ ಅಕ್ಕ ಬಾಲಕಾರ್ಮಿಕರ ಲೆಕ್ಕಕ್ಕೂ ಬರುವುದಿಲ್ಲ. ನಿಪ್ಪಾಣಿಯ ಬೀಡಿ ನೆನಪಾಯಿತು. 1986ರ ಬಾಲಕಾರ್ಮಿಕ ಕಾಯ್ದೆಯಲ್ಲಿ ಮಕ್ಕಳಿಗೆ ನಿಷೇಧಿಸಿದ ಕೆಲಸಗಳ ಪಟ್ಟಿಯಲ್ಲಿ ಬೀಡಿ ಕಟ್ಟುವುದು ಮೊದಲಿನಿಂದಲೂ ಇತ್ತು. ಆದರೆ ಅದೇ ಕಾಯ್ದೆ ಮನೆಯವರ ಜೊತೆ ಮಾಡುವ ಕೆಲಸಕ್ಕೆ ವಿನಾಯಿತಿ ಕೊಟ್ಟಿತ್ತು. ಬೀಡಿ ಕಟ್ಟುತ್ತಿದ್ದದ್ದು ಮನೆಯಲ್ಲೇ. 2016ರ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳಿಗೆ ಎಲ್ಲ ಬಗೆಯ ದುಡಿಮೆಯನ್ನೂ ನಿಷೇಧಿಸಿದರೂ ಮನೆಯವರಿಗೆ ನೆರವಾಗುವ ಮಾತನ್ನು ಉಳಿಸಿಕೊಂಡಿದೆ. ಮನೆಯೊಳಗೆ, ಹೊಲದೊಳಗೆ ಮಕ್ಕಳು ಹೊರುವ ಭಾರ ಹೀಗೆ ಕಣ್ತಪ್ಪುತ್ತಲೇ ಬಂದಿದೆ.

ಇದಕ್ಕೆ ದಾರಿ ಇಲ್ಲವೇ? ನರೇಗಾ ಕೂಲಿಕಾರರ ಕೂಸುಗಳಿಗಾಗಿ ಕರ್ನಾಟಕ ಸರ್ಕಾರ 2023ರಲ್ಲಿ ‘ಕೂಸಿನ ಮನೆ’ ಯೋಜನೆ ಘೋಷಿಸಿ ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯತೊಡಗಿತು. ಹಂಗಾಮಿನ ಐದು ತಿಂಗಳು ಅದರ ಬಾಗಿಲು ಕಬ್ಬಿನ ಗ್ಯಾಂಗಿನ ಕೂಸುಗಳಿಗೂ ತೆರೆದರೆ, ನಸುಕಿನಲ್ಲೇ ತೆರೆದರೆ, ಒಬ್ಬ ಕೂಸಿನಿಂದ ಇಬ್ಬರು ಮಕ್ಕಳ ಹಕ್ಕು ಉಳಿಯುತ್ತದೆ. ಇಂಥ ಶಿಫಾರಸನ್ನು ಒಬ್ಬ ಶಾಲಾ ಗುರು ಮಾಡಲಾರರು. ಆಯೋಗ ಮಾಡಬಲ್ಲದು.

ಮಾರ್ಚ್ ಎರಡನೇ ವಾರ ಗ್ಯಾಂಗ್ ಹೋಯಿತು. ನಾನು ಕಾಲೇಜಿನಲ್ಲಿದ್ದೆ. ಸಂಜೆ ಬಂದು ನೋಡಿದರೆ ಗುಡಿಸಲ ಜಾಗದಲ್ಲಿ ಒಲೆಯ ಕಲ್ಲುಗಳು ಮಾತ್ರ ಇದ್ದವು. ಅವಳ ಶಾಲೆಯ ಹೆಸರನ್ನಾದರೂ ಸರಿಯಾಗಿ ಕೇಳಿ ಬರೆದುಕೊಳ್ಳಬೇಕಿತ್ತು. ಕೇಳಿರಲಿಲ್ಲ. ದೂರು ಕೊಡಲು ಎರಡು ತಿಂಗಳು ಸಮಯವಿತ್ತು, ಅದನ್ನೂ ಕೊಟ್ಟಿರಲಿಲ್ಲ.

ಹಂಗಾಮಿಗೆ ಮುಂಚೆ

ಈಗ ಮಳೆಗಾಲ. ಗ್ಯಾಂಗುಗಳು ಬರಲು ಇನ್ನೂ ಸಮಯವಿದೆ. ಕಳೆದ ವಾರ ಅಕ್ಕ, ನಾನು, ನಾಲ್ವರು ಗೆಳೆಯರು ಸೇರಿ ರಾಜ್ಯ ಆಯೋಗಕ್ಕೆ ಎರಡು ಪುಟದ ಪತ್ರ ಬರೆದು ಅಂಚೆಗೆ ಹಾಕಿದ್ದೇವೆ. ಮೂರು ವಿಷಯ ಕೇಳಿದ್ದೇವೆ. ಒಂದು, ಕಟಾವಿನ ಗ್ಯಾಂಗುಗಳ ಪಟ್ಟಿಯಲ್ಲಿ ಮಕ್ಕಳ ಸಂಖ್ಯೆ, ವಯಸ್ಸು, ಊರಿನ ಶಾಲೆಗೆ ಒಂದು ಕಲಂ ಸೇರಿಸಲಿ. ಯಾವ ಗ್ಯಾಂಗ್ ಯಾವ ಗದ್ದೆಗೆ ಎಂಬ ಲೆಕ್ಕ ಹೇಗೂ ಇಟ್ಟಿರುತ್ತಾರೆ, ಒಂದು ಕಲಂ ಹೆಚ್ಚಾದರೆ ಭಾರವಲ್ಲ. ಎರಡು, ಕೂಸಿನ ಮನೆಗಳಲ್ಲಿ ವಲಸೆ ಕೂಸುಗಳಿಗೂ ಜಾಗ ಸಿಗಲಿ. ಮೂರು, ಹಂಗಾಮಿಗೆ ಮುಂಚೆ ಎರಡೂ ರಾಜ್ಯಗಳ ಆಯೋಗಗಳು ಒಮ್ಮೆ ಗಡಿಯಲ್ಲಿ ಕೂಡಿ ಕುಳಿತುಕೊಳ್ಳಲಿ. ಮಹಾರಾಷ್ಟ್ರದಲ್ಲಿ ವಲಸೆ ಮಕ್ಕಳಿಗೆ ಕೊಡುವ ಶಿಕ್ಷಣ ಹಮಿ ಪತ್ರ ಎಂಬ ಕಾರ್ಡ್ ಇದೆ. ಅದನ್ನು ಇಲ್ಲಿನ ಶಾಲೆಗಳೂ ಒಪ್ಪಿದರೆ ಅರ್ಧ ಕೆಲಸ ಮುಗಿಯಿತು.

ಪತ್ರದಿಂದ ಏನಾದೀತು ಎಂದು ಗೆಳೆಯನೊಬ್ಬ ಕೇಳಿದ. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿಯೊಂದನ್ನೇ ಕರ್ನಾಟಕ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನಾಗಿ ತೆಗೆದುಕೊಂಡು ವರ್ಷಗಟ್ಟಲೆ ಸರ್ಕಾರವನ್ನು ಪ್ರಶ್ನಿಸಿತ್ತು. ಅದೂ ಯಾರೋ ಒಬ್ಬರು ಕಂಡು ಬರೆದದ್ದೇ.

ನೀವು ಮಾಡಬಹುದಾದದ್ದು:

* ಅಪಾಯದಲ್ಲಿರುವ, ದುಡಿಮೆಗೆ ಹಚ್ಚಿದ, ಮದುವೆಗೆ ನಿಲ್ಲಿಸಿದ ಮಗು ಕಂಡರೆ 1098ಕ್ಕೆ ಕರೆ ಮಾಡಿ. ಉಚಿತ ಕರೆ.
* ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ಸಾಮಾನ್ಯವಾಗಿ ನವೆಂಬರ್ ನಂತರ, ಅಂದರೆ ಗ್ಯಾಂಗುಗಳು ಬಂದ ಮೇಲೆ. ಗುಡಿಸಲಿನ ಮಕ್ಕಳನ್ನೂ ಆ ಸಭೆಗೆ ಕರೆತನ್ನಿ, ಅವರ ಹೆಸರು ನಡಾವಳಿಯಲ್ಲಿ ದಾಖಲಾಗಲಿ.
* ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಊರು, ದಿನಾಂಕ, ಏನು ಕಂಡಿರಿ, ಏನಾಗಬೇಕು ಎಂಬ ನಾಲ್ಕು ಮಾತು ಸಾಕು. ಮಗುವಿನ ಫೋಟೊ, ಹೆಸರನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಬೇಡಿ.
* ಮಗುವನ್ನು ತಂದೆ–ತಾಯಿಯಿಂದ ಕಿತ್ತುಕೊಂಡು ಹೋಗುತ್ತಾರೆ ಎಂಬ ಭಯ ಬೇಡ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಮಗುವಿನ ಮೊದಲ ಆಸರೆ ಕುಟುಂಬವೇ, ಪಾಲನಾ ಸಂಸ್ಥೆಗೆ ಕಳಿಸುವುದು ಕೊನೆಯ ದಾರಿ.

ಪಿಡಿಒ ಪರೀಕ್ಷೆಗೆ ಓದುತ್ತಿರುವವರಿಗೆ ಒಂದು ಮಾತು. ನಮ್ಮ ರಾಜ್ಯದಲ್ಲಿ ಪಿಡಿಒ ಬಾಲ್ಯವಿವಾಹ ನಿಷೇಧಾಧಿಕಾರಿಯೂ ಹೌದು. ನೌಕರಿ ಸಿಕ್ಕ ದಿನ ನೀವು ಬಾಯಿಪಾಠ ಮಾಡಿದ ಸೆಕ್ಷನ್ನುಗಳು ನಿಮ್ಮ ಮೇಜಿನ ಮೇಲೆ ಅರ್ಜಿಗಳಾಗಿ ಬರುತ್ತವೆ. ಬರದಿದ್ದರೆ ಮಕ್ಕಳು ಚೆನ್ನಾಗಿದ್ದಾರೆ ಎಂದಲ್ಲ, ಯಾರೂ ಬರೆದಿಲ್ಲ ಎಂದು ತಿಳಿಯಬೇಕು.

ಈ ಸಲ ಗ್ಯಾಂಗ್ ಬಂದ ದಿನವೇ ಗುಡಿಸಲುಗಳಿಗೆ ಹೋಗಿ ಮಕ್ಕಳ ಪಟ್ಟಿ ಮಾಡುವುದೆಂದು ನಾವು ಆರು ಜನ ಮಾತಾಡಿಕೊಂಡಿದ್ದೇವೆ. ಅಪ್ಪನಿಗೂ ಹೇಳಿದ್ದೇನೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮುಕಾದಮನ ಕೂಡ ನಾನ ಮಾತಾಡ್ತೇನಿ, ನೀವ ಗದ್ಲಾ ಮಾಡಬ್ಯಾಡ್ರಿ’ ಎಂದಿದ್ದಾರೆ. ಪಟ್ಟಿಗೆಂದು ಅಕ್ಕ ಒಂದು ನೋಟ್‌ಬುಕ್ ತಂದಿಟ್ಟಿದ್ದಾಳೆ. ಹೆಸರು, ವಯಸ್ಸು, ಊರು ಆದ ಮೇಲೆ ನಾಲ್ಕನೆಯ ಕಲಂ: ‘ಊರಿನ ಶಾಲೆಯ ಹೆಸರು’. ಐದನೆಯದು: ‘ಮನೆಯಲ್ಲಿ ಚಿಕ್ಕ ಕೂಸು ಇದೆಯೇ?’